ನೆಲದ ಮೇಲೆಯೇ ಎಂಜಿನ್ ಮುನಿಸಿಕೊಂಡರೆ

ಹೆಡ್‌ಸೆಟ್ಟಿನಲ್ಲಿ ಕ್ಯಾಪ್ಟನ್ ಹೇಳುವುದು ಒಂದೇ ಮಾತು: ‘ಎರಡನೇ ಎಂಜಿನ್ ಸ್ಟಾರ್ಟ್ ಆಗಲಿಲ್ಲ.’ ಕೆಳಗೆ ನಿಂತವರಿಗೆ ಇದು ಹೊಟ್ಟೆನೋವು ಎಂದುಕೊಂಡು ಬಂದ ರೋಗಿಯ ಮಾತಿದ್ದ ಹಾಗೆ. ನೋವು ಎಲ್ಲಿ, ಯಾವಾಗ ಶುರುವಾಯಿತು ಎಂದು ವಿಚಾರಿಸದೆ ಮಾತ್ರೆ ಕೊಡುವ ವೈದ್ಯನಿಗೂ, ಏನನ್ನೂ ಕೇಳದೆ ‘ಇನ್ನೊಂದು ಸಲ ನೋಡಿ ಸರ್’ ಎನ್ನುವ ತಂತ್ರಜ್ಞನಿಗೂ ವ್ಯತ್ಯಾಸವಿಲ್ಲ. ತಿರುಗಲೇ ಇಲ್ಲವೋ, ತಿರುಗಿಯೂ ಹೊತ್ತಿಕೊಳ್ಳಲಿಲ್ಲವೋ, ಹೊತ್ತಿಕೊಂಡು ಅರ್ಧದಲ್ಲಿ ನಿಂತಿತೋ, ವಿಪರೀತ ಬಿಸಿಯಾಯಿತೋ? ನಾಲ್ಕೂ ಬೇರೆ ಬೇರೆ ಕಾಯಿಲೆ.

ಲೈನ್ ಮೇಂಟೆನೆನ್ಸ್, ಅಂದರೆ ಎರಡು ಹಾರಾಟಗಳ ನಡುವೆ ನಿಲ್ದಾಣದಲ್ಲೇ ವಿಮಾನ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಿಟಕಿ ಪಕ್ಕ ಕುಳಿತು ಪ್ರತಿ ಸದ್ದಿಗೂ ಕಿವಿ ನಿಮಿರಿಸುವ ಪ್ರಯಾಣಿಕರಿಗೂ ಕೊನೆಯ ಭಾಗದಲ್ಲಿ ಒಂದಿಷ್ಟು ಇದೆ. ಅಂಕಿಗಳೆಲ್ಲ ಸಿಎಫ್‌ಎಂ56 ಎಂಜಿನ್ನಿನ ಏರ್‌ಬಸ್ ಎ320 ಮತ್ತು ಬೋಯಿಂಗ್ 737-800 ವಿಮಾನಗಳವು. ನಿಮ್ಮ ಕೈಯಲ್ಲಿರುವ ವಿಮಾನದ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಲೈಸೆನ್ಸ್ ಇಲ್ಲದವರು ಓದಿ ತಿಳಿದುಕೊಳ್ಳಬಹುದು, ಮುಟ್ಟಬಾರದು.

ಐದು ಅಂಕಿಗಳ ಪರಿಚಯ ಇದ್ದರೆ ಸಾಕು. ಎನ್1 ಎಂದರೆ ಮುಂದಿನ ದೊಡ್ಡ ಫ್ಯಾನಿನ ವೇಗ. ಎನ್2 ಎಂದರೆ ಒಳಗಿನ ಕೋರ್‌ನ ವೇಗ. ಸ್ಟಾರ್ಟರ್ ತಿರುಗಿಸುವುದು ಇದನ್ನು. ಇಜಿಟಿ ಎಂದರೆ ಹೊರಹೋಗುವ ಅನಿಲದ ಉಷ್ಣತೆ. ಉಳಿದವು ಇಂಧನದ ಹರಿವು ಮತ್ತು ಆಯಿಲ್ ಒತ್ತಡ. ಈ ಐದರಲ್ಲಿ ಯಾವುದು ಏರಬೇಕಾದ ಹೊತ್ತಿಗೆ ಏರಲಿಲ್ಲ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಕೈ ಹಾಕುವ ಮುನ್ನ

ತಿರುಗುತ್ತಿರುವ ಎಂಜಿನ್ನಿನ ಮುಂದೆ ಧೈರ್ಯ ತೋರಿಸಬೇಡಿ. 737-800ರಲ್ಲಿ ಐಡಲ್, ಅಂದರೆ ಸುಮ್ಮನೆ ಓಡುವಾಗಿನ ಕನಿಷ್ಠ ವೇಗದಲ್ಲೇ ಬಾಯಿಯ ಸುತ್ತ ಸುಮಾರು 10 ಅಡಿ ಮನುಷ್ಯನನ್ನು ಎಳೆದುಕೊಳ್ಳಬಲ್ಲ ವಲಯ. ಶಕ್ತಿ ಏರಿಸಿದರೆ ಅದು ಇನ್ನೂ ಹಿಗ್ಗುತ್ತದೆ. 2015ರ ಡಿಸೆಂಬರ್‌ನಲ್ಲಿ ಮುಂಬೈನಲ್ಲಿ ಪುಷ್‌ಬ್ಯಾಕ್ (ವಿಮಾನವನ್ನು ಹಿಂದಕ್ಕೆ ತಳ್ಳುವ) ವೇಳೆ ಒಬ್ಬ ತಂತ್ರಜ್ಞ ಹಾಗೆಯೇ ಪ್ರಾಣ ಬಿಟ್ಟರು. ಹೆಡ್‌ಸೆಟ್ ತಂತಿಯ ಉದ್ದವನ್ನು ನಂಬಿ ನಿಲ್ಲಬೇಡಿ, ನೆಲದ ಗುರುತನ್ನು ನೋಡಿ ನಿಲ್ಲಿ. ಹೊಟ್ಟೆಯಡಿಯ ಕೆಂಪು ಬೀಕನ್ ದೀಪ ಮಿನುಗುತ್ತಿದೆ ಎಂದರೆ ಎಂಜಿನ್ ತಿರುಗುತ್ತಿದೆ, ಇಲ್ಲವೇ ಈಗ ತಿರುಗಲಿದೆ ಎಂದೇ ಭಾವಿಸಿ.

ಇಂಧನಕ್ಕೆ ಕಿಡಿ ಕೊಡುವ ಇಗ್ನಿಷನ್ ಪೆಟ್ಟಿಗೆಯ ವಿದ್ಯುತ್ ಕೊಲ್ಲುವಷ್ಟು ಬಲವಾದದ್ದು. ಸ್ವಿಚ್ ಆರಿಸಿ, ಕೈಪಿಡಿ ಹೇಳಿದಷ್ಟು ನಿಮಿಷ ಕಾಯದೆ ಆ ತಂತಿಯನ್ನು ಬಿಚ್ಚಬೇಡಿ. ಕಾಕ್‌ಪಿಟ್ಟಿನಲ್ಲಿ ‘ಕೆಳಗೆ ಜನರಿದ್ದಾರೆ, ಚಾಲೂ ಮಾಡಬೇಡಿ’ ಎಂಬ ಫಲಕ ನೇತುಹಾಕಿ. ಇದೆಲ್ಲ ಗೊತ್ತಿದ್ದೂ ಬೆಳಗಿನ ಜಾವ ನಾಲ್ಕು ಗಂಟೆಗೆ ಮರೆಯುವ ಮಾತು.

ಎನ್2 ಕದಲುವುದೇ ಇಲ್ಲ

ಮೊದಲು ಗಾಳಿ. ಇಂಥ ಎಂಜಿನ್ನುಗಳ ಸ್ಟಾರ್ಟರ್ ವಿದ್ಯುತ್ತಿನಿಂದ ತಿರುಗುವುದಿಲ್ಲ. ವಿಮಾನದ ಬಾಲದಲ್ಲಿರುವ ಪುಟ್ಟ ಎಂಜಿನ್, ಅಂದರೆ ಎಪಿಯು, ಕೊಳವೆಯಲ್ಲಿ ತಳ್ಳುವ ಗಾಳಿಯಿಂದ ತಿರುಗುತ್ತದೆ. ಆ ಗಾಳಿಯನ್ನು ಬಿಡುವ ಎಪಿಯು ಬ್ಲೀಡ್ ಸ್ವಿಚ್ ಒತ್ತಿದೆಯೇ? ಬೋಯಿಂಗ್‌ನಲ್ಲಿ ಹವಾನಿಯಂತ್ರಣದ ಪ್ಯಾಕ್‌ಗಳನ್ನು ಆರಿಸಿದ್ದಾರೆಯೇ? ಏರ್‌ಬಸ್‌ನಲ್ಲಿ ಅವು ತಾವೇ ಮುಚ್ಚಿಕೊಳ್ಳುತ್ತವೆ. ಈ ಎರಡು ಪ್ರಶ್ನೆಗೆ ಕಾಸು ಖರ್ಚಿಲ್ಲ, ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಆಮೇಲೆ ಒತ್ತಡದ ಅಂಕಿ. 737ಕ್ಕೆ ಸಮುದ್ರಮಟ್ಟದಲ್ಲಿ ಕೊಳವೆಯ ಒತ್ತಡ 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರಬೇಕು, ಪ್ರತಿ ಸಾವಿರ ಅಡಿ ಎತ್ತರಕ್ಕೆ ಅರ್ಧ ಪಿಎಸ್‌ಐ ಕಳೆಯಬಹುದು. ದೇವನಹಳ್ಳಿಯ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿದೆ, ಆದ್ದರಿಂದ ಅಲ್ಲಿ 28.5 ಇದ್ದರೆ ಸರಿ. ಮಂಗಳೂರಿನಲ್ಲಿ ಅದೇ ಅಂಕಿ ಕಡಿಮೆಯಾಯಿತು ಎಂದೇ ಲೆಕ್ಕ. 10,600 ಅಡಿಗೂ ಎತ್ತರದ ಲೇಹ್‌ನಲ್ಲಿ 25ರ ಆಸುಪಾಸು ಕಂಡರೆ ಗಾಬರಿ ಬೇಡ.

ಒತ್ತಡ ಸರಿಯಾಗಿದ್ದೂ ಎಂಜಿನ್ ತಿರುಗದಿದ್ದರೆ, ಸ್ಟಾರ್ಟ್ ಸ್ವಿಚ್ ಹಾಕಿದ ಕ್ಷಣ ಆ ಅಂಕಿ ಏನು ಮಾಡಿತು ಎಂದು ಪೈಲಟ್‌ರನ್ನು ಕೇಳಿ. ನನ್ನ ಮಟ್ಟಿಗೆ ಇಡೀ ಪತ್ತೆದಾರಿಯಲ್ಲಿ ಅತ್ಯಂತ ಬೆಲೆಬಾಳುವ ಪ್ರಶ್ನೆ ಇದು. ಒತ್ತಡ ಕುಸಿಯಿತು ಎಂದರೆ ಸ್ಟಾರ್ಟ್ ವಾಲ್ವ್ ತೆರೆದು ಗಾಳಿ ಹರಿದಿದೆ. ಗಾಳಿ ಹರಿದೂ ಕೋರ್ ತಿರುಗಲಿಲ್ಲವಾದರೆ ಸ್ಟಾರ್ಟರ್ ಒಳಗೇ ಏನೋ ಮುರಿದಿದೆ. ಸ್ಟಾರ್ಟರ್‌ನ ದಂಡದಲ್ಲಿ ಬೇಕೆಂದೇ ಒಂದು ತೆಳು ಕುತ್ತಿಗೆ ಇಟ್ಟಿರುತ್ತಾರೆ, ಅತಿಭಾರ ಬಿದ್ದಾಗ ಗೇರ್‌ಬಾಕ್ಸ್ ಉಳಿಸಲು ಅದು ತುಂಡಾಗುತ್ತದೆ. ಅಲ್ಲಿಗೆ ಆ ರಾತ್ರಿಯ ಹಾರಾಟ ಮುಗಿಯಿತು, ಸ್ಟಾರ್ಟರ್ ಬದಲಿಸಬೇಕು. ಒತ್ತಡ ಕದಲಲೇ ಇಲ್ಲ ಎಂದರೆ ವಾಲ್ವ್ ತೆರೆದಿಲ್ಲ. ಆಗ ಸರ್ಕಿಟ್ ಬ್ರೇಕರ್, ಕನೆಕ್ಟರ್, ಕೊನೆಗೆ ವಾಲ್ವ್, ಈ ಕ್ರಮದಲ್ಲಿ ನೋಡಿ.

ಅಂಟಿಕೊಂಡ ವಾಲ್ವನ್ನು ಕೈಯಿಂದ ತೆರೆದು ಚಾಲೂ ಮಾಡಲು ಅನುಮತಿಯಿದೆ. ಎಂಜಿನ್ನಿನ ಪಕ್ಕದ ಪುಟ್ಟ ಬಾಗಿಲು ತೆರೆದು, ಸ್ಪ್ಯಾನರ್ ಹಾಕಿ, ಕಾಕ್‌ಪಿಟ್ ಹೇಳಿದಾಗ ತೆರೆದು, ಹೇಳಿದಾಗ ಮುಚ್ಚುವ ಕೆಲಸ. ಕೇಳಲು ಸುಲಭ. ಮುಚ್ಚುವ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ಎಂಜಿನ್ ಗರ್ಜಿಸುತ್ತಿರುತ್ತದೆ. ಈ ಕೆಲಸಕ್ಕೆ ಒಬ್ಬರು ಸಾಲದು: ವಾಲ್ವ್ ಹತ್ತಿರ ಒಬ್ಬರು, ಅವರನ್ನೇ ನೋಡುತ್ತಾ ಹೆಡ್‌ಸೆಟ್ಟಿನಲ್ಲಿ ಇನ್ನೊಬ್ಬರು. ಹೋಗುವ ದಾರಿ, ಹಿಂತಿರುಗುವ ದಾರಿ ಎರಡನ್ನೂ ಎಂಜಿನ್ ನಿಂತಿರುವಾಗಲೇ ಒಮ್ಮೆ ನಡೆದು ನೋಡಿರಬೇಕು.

ಇದರ ತದ್ವಿರುದ್ಧ ದೋಷ ಇನ್ನೂ ಕೆಟ್ಟದ್ದು. ಎನ್2 ಏರಿ ಎಂಜಿನ್ ತನ್ನ ಕಾಲ ಮೇಲೆ ನಿಂತ ಮೇಲೂ (ಎ320ರಲ್ಲಿ ಸುಮಾರು 50 ಶೇಕಡಾ, 737ರಲ್ಲಿ 56) ವಾಲ್ವ್ ತೆರೆದಿದೆ ಎಂದು ದೀಪ ತೋರಿಸುತ್ತಿದ್ದರೆ, ಸ್ಟಾರ್ಟರ್ ಮಿತಿಮೀರಿ ತಿರುಗಿ ಸಿಡಿಯಬಹುದು. ಯೋಚಿಸುತ್ತಾ ಕೂರುವಂತಿಲ್ಲ. ಗಾಳಿ ಕಡಿದು, ಎಂಜಿನ್ ನಿಲ್ಲಿಸಬೇಕು.

ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ

737ರಲ್ಲಿ ಎನ್2 ಶೇಕಡಾ 25 ಮುಟ್ಟಿದಾಗ ಪೈಲಟ್ ಇಂಧನದ ಲಿವರ್ ಎತ್ತುತ್ತಾರೆ. ಅಲ್ಲಿಂದ 10 ಸೆಕೆಂಡಿನೊಳಗೆ ಇಜಿಟಿ ಏರಬೇಕು. ಎ320ರಲ್ಲಿ ಸುಮಾರು 16ಕ್ಕೆ ಕಿಡಿ, 22ಕ್ಕೆ ಇಂಧನ, ಎಲ್ಲವನ್ನೂ ಎಂಜಿನ್ನಿನ ಗಣಕವೇ ಮಾಡುತ್ತದೆ.

ಇಂಧನದ ಹರಿವು ಸೊನ್ನೆಯೇ ಇದ್ದರೆ ಕಿಡಿಯ ಬಗ್ಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ. ಬೆಂಕಿ ಬಿದ್ದಾಗ ಇಂಧನ ಕಡಿಯುವ ಬೆಂಕಿ ಹ್ಯಾಂಡಲ್ ಅಥವಾ ಗುಂಡಿ ತನ್ನ ಜಾಗದಲ್ಲಿದೆಯೇ, ಟ್ಯಾಂಕಿನ ಪಂಪು ಓಡುತ್ತಿದೆಯೇ, ಇಂಧನ ವಾಲ್ವಿನ ದೀಪ ಏನು ಹೇಳುತ್ತದೆ, ಇಷ್ಟನ್ನು ನೋಡಿ. ಹರಿವು ಇದ್ದೂ ಇಜಿಟಿ ಸತ್ತಂತೆ ಬಿದ್ದಿದ್ದರೆ ಕಿಡಿ ಇಲ್ಲ. ಹಿಂದೆ ನಿಂತವರಿಗೆ ಬಿಳಿ ಮಂಜಿನಂಥ ಆವಿ ಕಾಣುತ್ತದೆ, ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಎಂಜಿನ್ನಿನೊಳಗೆ ಹಸಿ ಇಂಧನ ನಿಂತಿದೆ. ಇಂಧನ ನಿಲ್ಲಿಸಿ, ಸ್ಟಾರ್ಟರಿನಿಂದ ಬರಿದೇ ತಿರುಗಿಸಿ ಅದನ್ನೆಲ್ಲ ಹೊರಗೂದಬೇಕು. 737ರಲ್ಲಿ ಇದಕ್ಕೆ 60 ಸೆಕೆಂಡು. ಇದನ್ನು ಬಿಟ್ಟು ಮರುಪ್ರಯತ್ನ ಮಾಡಿದರೆ ಮುಂದೆ ಬರುವ ಬೆಂಕಿಯ ಭಾಗಕ್ಕೆ ನೀವೇ ಆಹ್ವಾನ ಕೊಟ್ಟ ಹಾಗೆ.

ಪ್ರತಿ ಎಂಜಿನ್ನಿಗೆ ಕಿಡಿ ಹಾರಿಸುವ ಎರಡು ಇಗ್ನೈಟರ್. ಏರ್‌ಬಸ್ಸಿನ ಗಣಕ ಮೊದಲ ಪ್ರಯತ್ನಕ್ಕೆ ಒಂದನ್ನೇ ಬಳಸುತ್ತದೆ. ಹೊತ್ತಿಕೊಳ್ಳದಿದ್ದರೆ ಇಂಧನ ಕಡಿದು, ಒಳಗನ್ನು ಒಣಗಿಸಿ, ಎರಡನೇ ಸಲ ಎರಡನ್ನೂ ಹಚ್ಚುತ್ತದೆ. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಜಡಿಮಳೆಯ ಒಂದು ರಾತ್ರಿ ಎಡ ಎಂಜಿನ್ ಮೊದಲ ಸಲ ಕೈಕೊಟ್ಟು, ಎರಡನೇ ಸಲ ಹೊತ್ತಿಕೊಂಡಿತು. ಕ್ಯಾಪ್ಟನ್ ಹೆಬ್ಬೆರಳು ತೋರಿಸಿದರು, ನಾನೂ ತೋರಿಸಿದೆ. ಮಳೆ ನೀರು ಎಲ್ಲೋ ಸೇರಿರಬೇಕು ಎಂದುಕೊಂಡೆ. ಎರಡನೇ ಪ್ರಯತ್ನ ಗೆದ್ದದ್ದು ಎರಡು ಇಗ್ನೈಟರ್ ಸೇರಿದ್ದರಿಂದ. ಅಂದರೆ ಮೊದಲು ಬಳಸಿದ್ದು ಸತ್ತಿದೆ ಎಂದು ವಿಮಾನ ನನಗೆ ಸ್ಪಷ್ಟವಾಗಿಯೇ ಹೇಳಿತ್ತು. ಮೂರನೇ ದಿನ ತಂತ್ರಜ್ಞರೇ ಇಲ್ಲದ ಸಣ್ಣ ನಿಲ್ದಾಣವೊಂದರಲ್ಲಿ ಉಳಿದೊಂದು ಇಗ್ನೈಟರೂ ಸತ್ತಿತು. ಬಿಡಿಭಾಗದ ಚೀಲ ಹೊತ್ತು, ಇನ್ನೊಂದು ವಿಮಾನ ಹತ್ತಿ ಅಲ್ಲಿಗೆ ಹೋದದ್ದು ನಾನೇ. ಬಿಚ್ಚಿದಾಗ ತುದಿ ಸವೆದು ಚಪ್ಪಟೆಯಾಗಿತ್ತು, ಮಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಇಗ್ನೈಟರ್ ಪರೀಕ್ಷೆಗೆ ಉಪಕರಣ ಬೇಡ, ಕಿವಿ ಸಾಕು. ಎಂಜಿನ್ ನಿಂತು, ಒಳಗಿನ ಇಂಧನವೆಲ್ಲ ಹೊರಹೋದದ್ದು ಖಚಿತವಾದ ಮೇಲೆ, ಕೈಪಿಡಿಯ ಕ್ರಮದಲ್ಲಿ ಒಂದೊಂದನ್ನೇ ಹಚ್ಚಿಸಿ ದೂರದಿಂದ ಕೇಳಿ. ಟಿಕ್, ಟಿಕ್, ಟಿಕ್ ಎಂದು ಗೋಡೆ ಗಡಿಯಾರದಂತೆ ಸಮವಾಗಿ ಬರಬೇಕು. ತಡೆತಡೆದು ಬಂದರೂ ಅದು ಅರೆಜೀವದ್ದೇ.

ಹೊತ್ತಿಕೊಂಡಿತು, ಆದರೆ ತೆವಳುತ್ತಿದೆ

ಇಜಿಟಿ ಏರಿತು, ಎನ್2 ಮೂವತ್ತು ನಲವತ್ತರ ನಡುವೆ ಕುಂಟುತ್ತಾ ಅಲ್ಲೇ ಉಳಿಯಿತು. ಹಂಗ್ ಸ್ಟಾರ್ಟ್ ಎನ್ನುವುದು ಇದಕ್ಕೆ. ಮೊದಲ ಅನುಮಾನ ಮತ್ತೆ ಗಾಳಿಯ ಮೇಲೆಯೇ: ದಣಿದ ಎಪಿಯು, ಬಿಸಿಲು, ಎತ್ತರ. ಎಪಿಯು ಬದಲು ಏರ್ ಸ್ಟಾರ್ಟ್ ಗಾಡಿ ತರಿಸಿ ಪ್ರಯತ್ನಿಸಿ. ಆಗ ಚೆನ್ನಾಗಿ ಏರಿದರೆ ದೋಷ ಎಂಜಿನ್ನಿನದಲ್ಲ, ಎಪಿಯುವಿನದು. ಇದು ಅಗ್ಗದ, ಆದರೆ ತುಂಬ ಒಳ್ಳೆಯ ಪರೀಕ್ಷೆ. ಎರಡನೆಯ ಅನುಮಾನ ಸ್ಟಾರ್ಟರ್ ಬೇಗನೆ ಕೈಬಿಡುತ್ತಿರುವುದು. ಅದರಾಚೆಗಿನವು, ಅಂದರೆ ಇಂಧನ ನಿಯಂತ್ರಕ, ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಕಂಪ್ರೆಸರಿನ ಕೋನ ಬದಲಿಸುವ ಎಲೆಗಳ ಹೊಂದಾಣಿಕೆ, ವಿಮಾನ ನಿಲ್ಲುವ ಜಾಗದಲ್ಲಿ (ಬೇ) ನಿಂತು ಮಾಡುವ ಕೆಲಸಗಳಲ್ಲ.

ಇಜಿಟಿ ಜಿಗಿಯುತ್ತಿದೆ

ಎರಡೂ ಜಾತಿಯ ವಿಮಾನದಲ್ಲಿ ಚಾಲನೆಯ ಮಿತಿ 725 ಡಿಗ್ರಿ ಸೆಲ್ಸಿಯಸ್. ಏರ್‌ಬಸ್‌ನಲ್ಲಿ ಮಿತಿ ದಾಟುವ ಸೂಚನೆ ಕಂಡರೆ ಗಣಕ ತಾನೇ ಇಂಧನ ಕಡಿಯುತ್ತದೆ. 737ರಲ್ಲಿ ಪೈಲಟ್‌ನ ಕೈ ಲಿವರಿನ ಮೇಲೆಯೇ ಇರಬೇಕು. ಅಂಕಿ ಮಿತಿ ಮುಟ್ಟುವ ತನಕ ಕಾಯುವುದಲ್ಲ, ಓಡುವ ವೇಗ ನೋಡಿಯೇ ಎಳೆಯುವುದು. ಇಂಧನ ಕಡಿದ ಮೇಲೂ ಸ್ಟಾರ್ಟರ್ ತಿರುಗುತ್ತಿರಲಿ, ಒಳಗೆ ತಣ್ಣನೆಯ ಗಾಳಿ ಹೋಗಬೇಕು.

ಕಾರಣ ಹೆಚ್ಚಿನ ಸಲ ಸರಳ. ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಇಂಧನಕ್ಕೆ ತಕ್ಕ ಗಾಳಿ ಇಲ್ಲ. ಅಥವಾ ಬಾಲದ ಕಡೆಯಿಂದ ಗಾಳಿ ಬೀಸುತ್ತಿದೆ. ವಿಮಾನದ ಮೂಗನ್ನು ಗಾಳಿಗೆ ತಿರುಗಿಸಿದರೆ ಅದನ್ನು ಎಳೆಯುವ ಟಗ್ ಗಾಡಿಯ ಡೀಸೆಲ್ ಮಾತ್ರ ಖರ್ಚು. ಆದರೆ ಮಿತಿ ದಾಟಿದ್ದೇ ಆದರೆ ಮರುಪ್ರಯತ್ನದ ಮಾತೇ ಬೇಡ. ಎಷ್ಟು ಡಿಗ್ರಿ, ಎಷ್ಟು ಸೆಕೆಂಡು ಎಂಬ ಎರಡು ಅಂಕಿಗಳನ್ನು ಕೈಪಿಡಿಯ ನಕ್ಷೆಯ ಮೇಲಿಟ್ಟು ನೋಡಬೇಕು. ಒಳಗನ್ನು ನೋಡುವ ಕ್ಯಾಮೆರಾ ಕೊಳವೆ, ಅಂದರೆ ಬೋರೋಸ್ಕೋಪ್ ಇಳಿಸಬೇಕೋ, ಎಂಜಿನ್ನನ್ನೇ ವಿಮಾನದಿಂದ ಇಳಿಸಬೇಕೋ ಎಂದು ಅದು ಹೇಳುತ್ತದೆ. ‘ಸ್ವಲ್ಪ ಹೊತ್ತು ಕೆಂಪಾಗಿತ್ತು’ ಎಂಬ ಹೇಳಿಕೆಯಿಂದ ಆ ನಕ್ಷೆಯಲ್ಲಿ ಏನನ್ನೂ ಓದಲಾಗುವುದಿಲ್ಲ. ಫೋನಿನಲ್ಲಿ ಪರದೆಯ ಚಿತ್ರ ಹಿಡಿದಿಟ್ಟ ಪೈಲಟ್‌ಗಳನ್ನು ನಾನು ಮನಸಾರೆ ಹರಸುತ್ತೇನೆ.

ಕೋರ್ ತಿರುಗುತ್ತಿದೆ, ಫ್ಯಾನ್ ನಿಂತೇ ಇದೆ

ಎನ್2 ಏರುತ್ತಿದ್ದೂ ಎನ್1 ಸೊನ್ನೆಯಲ್ಲೇ ಇದ್ದರೆ 737ರ ಪೈಲಟ್ ಚಾಲನೆ ಕೈಬಿಡಬೇಕು. ಎಂಜಿನ್ ನಿಲ್ಲಿಸಿ, ಬೀಕನ್ ಆರಿದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಸೈಕಲ್ ಚಕ್ರದಂತೆ ಸಲೀಸಾಗಿ ತಿರುಗಬೇಕು. ತಡೆದರೆ, ಉಜ್ಜಿದರೆ, ಅಲ್ಲಿಗೆ ನಿಲ್ಲಿಸಿ.

ಹಿಂಬದಿಯಿಂದ ಬೆಂಕಿ, ಕಾಕ್‌ಪಿಟ್ಟಿನಲ್ಲಿ ಮೌನ

ಇದು ಕಣ್ಣಿಗೆ ಅತ್ಯಂತ ಭಯಂಕರ. ಆದರೆ ಸರಿಯಾಗಿ ನಡೆದುಕೊಂಡರೆ ಸಾಮಾನ್ಯವಾಗಿ ನಿಮಿಷದೊಳಗೆ ಮುಗಿಯುವಂಥದ್ದು. ಒಳಗೆ ನಿಂತ ಇಂಧನ ಹೊತ್ತಿಕೊಂಡು ಹಿಂಬದಿಯ ಕೊಳವೆಯಿಂದ ಜ್ವಾಲೆ ಚಾಚುತ್ತದೆ. ಬೆಂಕಿ ಪತ್ತೆಹಚ್ಚುವ ತಂತಿಗಳು ಇರುವುದು ಕೋರ್‌ನ ಹೊರಗೆ, ಎಂಜಿನ್ನನ್ನು ಮುಚ್ಚುವ ಹೊರ ಕವಚದ ಒಳಗೆ. ಆದ್ದರಿಂದ ಗಂಟೆ ಬಾರಿಸುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಪೈಲಟ್‌ಗೆ ಸಾಮಾನ್ಯವಾಗಿ ತಿಳಿಯುವುದು ನೆಲದಲ್ಲಿರುವ ನೀವು ಹೇಳಿದಾಗಲೇ.

ಆದ್ದರಿಂದ ನಿಮ್ಮ ಮಾತು ಕರಾರುವಾಕ್ಕಾಗಿರಬೇಕು. ‘ಬೆಂಕಿ! ಬೆಂಕಿ!’ ಎಂದು ಕೂಗಿದರೆ ಪೈಲಟ್ ಎಂಜಿನ್ ಬೆಂಕಿಯ ಕ್ರಮಕ್ಕೆ ಹೋಗುತ್ತಾರೆ, ಅದು ಬೇರೆ. ‘ಒಂದನೇ ಎಂಜಿನ್, ಟೈಲ್‌ಪೈಪ್ ಬೆಂಕಿ’ ಎನ್ನಿ. ಹೆಡ್‌ಸೆಟ್ ಕಳಚಿದ್ದರೆ ಕೈಸನ್ನೆ: ಎಡಗೈ ಬೆಂಕಿಯ ಕಡೆಗೆ ತೋರಿಸುತ್ತಿರಲಿ, ಬಲಗೈ ಭುಜದಿಂದ ಮೊಣಕಾಲಿನವರೆಗೆ ಬೀಸಣಿಗೆಯಂತೆ ಆಡುತ್ತಿರಲಿ.

ಮದ್ದು ಏನೆಂದರೆ ಇಂಧನ ಕಡಿಯುವುದು, ಗಾಳಿಯಿಂದ ತಿರುಗಿಸುತ್ತಲೇ ಇರುವುದು. ಗಾಳಿ ಜ್ವಾಲೆಯನ್ನು ಹಿಂದಕ್ಕೆ ಊದಿ ಉಳಿದ ಇಂಧನವನ್ನು ಬರಿದು ಮಾಡುತ್ತದೆ. ಎ320ರಲ್ಲಿ ಗಾಬರಿಯಾಗಿ ಬೆಂಕಿ ಗುಂಡಿ ಒತ್ತಿದರೆ ಎಂಜಿನ್ನಿನ ಗಣಕದ ವಿದ್ಯುತ್ತೇ ಹೋಗುತ್ತದೆ, ಆಮೇಲೆ ತಿರುಗಿಸಲು ಆಗುವುದಿಲ್ಲ. ಆ ಗುಂಡಿಯಿಂದ ಬಿಡುವ ನಂದಕ ಅನಿಲ ಹೋಗುವುದೂ ಕವಚದೊಳಕ್ಕೆ, ಬೆಂಕಿ ಇರುವ ಕೊಳವೆಗಲ್ಲ. ನೆಲದ ಸಿಲಿಂಡರಿನ ಪುಡಿ ಅಥವಾ ನೊರೆ ಕೊನೆಯ ಅಸ್ತ್ರ. ಅದನ್ನು ಹಾರಿಸಿದರೆ ಲೋಹಕ್ಕೆ ತುಕ್ಕು ಹಿಡಿಯುತ್ತದೆ, ಎಂಜಿನ್ ಕಾರ್ಯಾಗಾರಕ್ಕೇ ಹೋಗಬೇಕಾದೀತು. ಆದರೆ ತಿರುಗಿಸಿಯೂ ಆರದಿದ್ದರೆ, ರೆಕ್ಕೆಗೆ ತಗಲುವಂತಿದ್ದರೆ, ಎಂಜಿನ್ನಿನ ಬೆಲೆ ನೆನೆಯುತ್ತಾ ನಿಲ್ಲಬೇಡಿ.

ಇಲ್ಲಿ ನಿಜವಾದ ಅಪಾಯ ಕಿಟಕಿಯೊಳಗಿದೆ. ಜ್ವಾಲೆ ಕಂಡ ಪ್ರಯಾಣಿಕರು ತಾವೇ ಬಾಗಿಲು ತೆರೆದು ರೆಕ್ಕೆಯ ಮೇಲೆ ಇಳಿದರೆ ಕಾಲು ಮುರಿಯುತ್ತದೆ, ಇನ್ನೊಂದು ಬದಿಯ ಎಂಜಿನ್ ತಿರುಗುತ್ತಿದ್ದರೆ ಅದಕ್ಕಿಂತ ಕೆಟ್ಟದ್ದಾಗುತ್ತದೆ. ಸಿಬ್ಬಂದಿ ಕೂರಲು ಹೇಳಿದರೆ ಕೂರಿ, ಏಳಲು ಹೇಳಿದರೆ ಚೀಲ ಬಿಟ್ಟು ಏಳಿ.

ಗಂಟೆ ಬಾರಿಸಿ ಕೆಂಪು ದೀಪ ಹತ್ತಿದರೆ ಅದು ಕವಚದೊಳಗಿನ ಬೆಂಕಿ. ಆಗ ಮೇಲಿನ ಯಾವ ಮಾತೂ ಅನ್ವಯಿಸದು. ವಿಮಾನ ನಿಲ್ಲಿಸುವುದು, ಎಂಜಿನ್ ಕಡಿಯುವುದು, ಬೆಂಕಿ ಗುಂಡಿ, ನಂದಕ, ಅಗ್ನಿಶಾಮಕ ದಳ.

ಆಯಿಲ್ ಏಕೆ ಏರಲಿಲ್ಲ, ಏಕೆ ಇಳಿಯಿತು

ಐಡಲ್ ತಲುಪುವ ಹೊತ್ತಿಗೆ ಆಯಿಲ್ ಒತ್ತಡ ಬರದಿದ್ದರೆ ಎಂಜಿನ್ ನಿಲ್ಲಿಸಿ. ಕೆಂಪು ಗೆರೆ 13 ಪಿಎಸ್‌ಐ. ಸೆನ್ಸರ್ ಕೆಟ್ಟಿರಬಹುದು, ನಿಜ; ಅದನ್ನು ನಿಂತ ಎಂಜಿನ್ನಿನ ಮೇಲೆ ಸಾಬೀತು ಮಾಡಿ.

ಒತ್ತಡ ಚೆನ್ನಾಗಿದ್ದು, ಪ್ರಮಾಣ ಮಾತ್ರ ಚಾಲೂ ಆದೊಡನೆ ಇಳಿದರೆ ಹೆದರಬೇಡಿ. ತೊಟ್ಟಿಯಲ್ಲಿದ್ದ ಆಯಿಲ್ ಕೊಳವೆ, ಬೇರಿಂಗುಗಳಿಗೆ ಹಂಚಿಕೆಯಾಗಿದೆ ಅಷ್ಟೆ. ಇಳಿಯುತ್ತಲೇ ಹೋದರೆ ಮಾತ್ರ ಸೋರಿಕೆ. ಕವಚದ ಅಡಿಯಲ್ಲಿ ಹೊಸ ಕಂದು ಗೆರೆ ಇದೆಯೇ ನೋಡಿ, ಆಮೇಲೆ ಆಯಿಲ್‌ನಲ್ಲಿನ ಲೋಹದ ಚೂರು ಹಿಡಿಯುವ ಚಿಪ್ ಡಿಟೆಕ್ಟರ್ ಬಿಚ್ಚಿ. ಅದರ ಅಯಸ್ಕಾಂತದ ತುದಿಗೆ ಬೂದಿಯಂಥ ನುಣುಪು ಕೆಸರು ಅಂಟಿದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಹೊಳೆಯುವ ಚೂರು ಸಿಕ್ಕರೆ ಬೇರಿಂಗ್ ಒಡೆಯುತ್ತಿದೆ, ವಿಮಾನ ಹೋಗುವುದಿಲ್ಲ.

ಕವಚ ತೆರೆದಿರಿ ಎಂದರೆ ಮುಚ್ಚಿದ್ದನ್ನು ಮಂಡಿಯೂರಿ ಖಚಿತಪಡಿಸಿಕೊಳ್ಳಿ. ಎ320 ಬಳಗದ ಫ್ಯಾನ್ ಕವಚದ ಚಿಲಕಗಳು ಅಡಿಯಲ್ಲಿ ಇರುತ್ತವೆ, ನಿಂತು ನೋಡಿದರೆ ಕಾಣುವುದಿಲ್ಲ. 2013ರ ಮೇ 24ರಂದು ಲಂಡನ್ನಿನ ಹೀಥ್ರೂದಲ್ಲಿ ಒಂದು ಎ319 ಮೇಲೇರುವಾಗ ಎರಡೂ ಎಂಜಿನ್ನುಗಳ ಕವಚ ಕಿತ್ತು ಹಾರಿದವು. ಹಿಂದಿನ ರಾತ್ರಿ ಜನರೇಟರಿನ ಆಯಿಲ್ ನೋಡಲು ತೆರೆದವರು ಚಿಲಕ ಹಾಕದೆ ಹೋಗಿದ್ದರು. ಮುಗಿಸಲು ಮರಳಿ ಬಂದಾಗ ಬೇರೆ ವಿಮಾನದ ಹತ್ತಿರ ಹೋಗಿದ್ದರು.

ನಡುಕ, ಸದ್ದು, ಸುಟ್ಟ ವಾಸನೆ

ಗಾಳಿಗೆ ಸುಮ್ಮನೆ ತಿರುಗುವ ಫ್ಯಾನ್ ಕಟಕಟ ಎಂದರೆ ಅದು ದೋಷವಲ್ಲ. ಎಲೆಗಳ ಬುಡ ತಮ್ಮ ತೋಡಿನಲ್ಲಿ ಸಡಿಲವಾಗಿಯೇ ಕೂತಿರುತ್ತವೆ, ವೇಗ ಏರಿದಾಗ ಹೊರಮುಖ ಬಲವೇ ಅವನ್ನು ಬಿಗಿ ಹಿಡಿಯುತ್ತದೆ.

ಟ್ಯಾಕ್ಸಿ ಮಾಡುವಾಗ ಪರದೆಯಲ್ಲಿ ಕಂಪನ ಏರಿ, ಕ್ಯಾಬಿನ್ನಿನಲ್ಲಿ ಮಾಂಸ ಸುಟ್ಟ ವಾಸನೆ ಬಂದರೆ ಹಕ್ಕಿ ಒಳಗೆ ಹೋಗಿದೆ. ಟಾರ್ಚ್ ಹಿಡಿದು ಒಂದೊಂದೇ ಎಲೆ ನೋಡಬೇಕು. 737-800ರ ಎಂಜಿನ್ನಿನಲ್ಲಿ 24, ಎ320ರ ಸಿಎಫ್‌ಎಂ56-5ಬಿಯಲ್ಲಿ 36. ಮೊದಲನೆಯದಕ್ಕೆ ಗುರುತು ಹಾಕಿಕೊಳ್ಳಿ, ಇಲ್ಲವಾದರೆ ಎಲ್ಲಿಂದ ಶುರು ಮಾಡಿದೆ ಎಂಬುದು ಮರೆಯುತ್ತದೆ. ಅಂಚಿನ ಸಣ್ಣ ಕಚ್ಚಿಗೂ ಕೈಪಿಡಿಯಲ್ಲಿ ಅಳತೆಯಿದೆ. ಫ್ಯಾನಿನ ಹಿಂದೆ, ಕೋರ್‌ನ ಬಾಯಲ್ಲಿ ಗರಿ ಅಥವಾ ರಕ್ತ ಕಂಡರೆ ಬೋರೋಸ್ಕೋಪ್ ಬೇಕೇ ಬೇಕು.

ಶಕ್ತಿ ಏರಿಸುವಾಗ ಢಮಾರ್ ಎಂಬ ಸದ್ದು, ಮುಂದೆ ಅಥವಾ ಹಿಂದೆ ಬೆಂಕಿಯ ನಾಲಿಗೆ ಕಂಡರೆ ಕಂಪ್ರೆಸರ್ ಉಸಿರುಗಟ್ಟಿದೆ. ಒಂದೇ ಒಂದು ಸಲವಾದರೂ ವಿಮಾನ ನಿಲ್ಲುವ ಜಾಗಕ್ಕೆ ಹಿಂತಿರುಗಬೇಕು.

ಏರಲು ತಡ, ಐಡಲ್ ಕಡಿಮೆ

ನನ್ನ ಮಟ್ಟಿಗೆ ಅತಿ ಹೆಚ್ಚು ಅಲಕ್ಷ್ಯಕ್ಕೊಳಗಾಗುವ ಲಕ್ಷಣ ಇದೇ, ಏಕೆಂದರೆ ಇದರಲ್ಲಿ ಸದ್ದಿಲ್ಲ, ಕೆಂಪು ದೀಪವಿಲ್ಲ. ಎರಡೂ ಲಿವರ್ ಒಟ್ಟಿಗೆ ಮುಂದೂಡಿದರೆ ಒಂದು ಎಂಜಿನ್ ಒಂದೆರಡು ಕ್ಷಣ ಹಿಂದೆ ಬೀಳುತ್ತದೆ, ಅಷ್ಟೆ.

1985ರ ಆಗಸ್ಟ್ 22ರ ಬೆಳಿಗ್ಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ ಗ್ರೀಸಿನ ಕೊರ್ಫುವಿಗೆ 137 ಜನರನ್ನು ಹೊತ್ತು ಹೊರಟಿದ್ದ ಬೋಯಿಂಗ್ 737-200ರ ಎಡ ಎಂಜಿನ್ ಬಗ್ಗೆ ಲಾಗ್‌ಬುಕ್ಕಿನಲ್ಲಿ ಇದೇ ದೂರಿತ್ತು. ಹಿಂದಿನ ರಾತ್ರಿ ಹೊಂದಾಣಿಕೆಯ ಕೆಲಸ ನಡೆದಿತ್ತು, ಪೈಲಟ್‌ಗಳಿಗೂ ವಿಷಯ ಗೊತ್ತಿತ್ತು. ರನ್‌ವೇಯಲ್ಲಿ ಓಡುತ್ತಿದ್ದಾಗ ಧಪ್ ಎಂಬ ಸದ್ದು. ಟೈರ್ ಸಿಡಿದಿರಬೇಕು ಎಂದು ಪೈಲಟ್‌ಗಳು ಭಾವಿಸಿ, ಹಾರಾಟ ಕೈಬಿಟ್ಟು, ಬ್ರೇಕನ್ನು ಮೆಲ್ಲಗೆ ಒತ್ತಿದರು. ಸಿಡಿದದ್ದು ದಹನಕೋಶದ ಹೊರಕವಚ. ಹಾರಿದ ಚೂರು ರೆಕ್ಕೆಯ ಇಂಧನ ಟ್ಯಾಂಕನ್ನು ತೂತು ಮಾಡಿತು. 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ಒಳಗಿನ ಒಂಬತ್ತನೇ ದಹನ ಡಬ್ಬಿ ಬಿರುಕುಬಿಟ್ಟು ಜಾಗ ತಪ್ಪಿತ್ತು. ಅದೇ ಬಿರುಕು ಹಿಂದಿನ ದಿನಗಳಲ್ಲಿ ‘ಏರಲು ತಡ’ ಎಂಬ ರೂಪದಲ್ಲಿ ಕಾಣಿಸಿಕೊಂಡಿತ್ತು.

ಅಂದು ಕೆಲಸ ಮಾಡಿದವರನ್ನು ದೂರುವುದು ಸುಲಭ. ಅವರ ಕೈಪಿಡಿಯೇ ಆ ಲಕ್ಷಣವನ್ನು ಈ ರೋಗಕ್ಕೆ ಸರಿಯಾಗಿ ಜೋಡಿಸಿರಲಿಲ್ಲ. ಇವತ್ತು ನಮಗೆ ಆ ನೆಪವಿಲ್ಲ. ಹೊಂದಾಣಿಕೆ ಮಾಡಿ ಅಂಕಿ ಸರಿಹೋಯಿತು ಎಂದರೆ, ಅಂಕಿ ಮೊದಲು ಏಕೆ ಕೆಟ್ಟಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಸಂದೇಶ ಬಂದಿದೆ, ಎಂಜಿನ್ ಚೆನ್ನಾಗಿಯೇ ಓಡುತ್ತಿದೆ

ಗಣಕವನ್ನು ಆರಿಸಿ ಹಚ್ಚಿದರೆ ಪರದೆಯ ಅರ್ಧಕ್ಕರ್ಧ ದೋಷ ಸಂದೇಶ ಮಾಯ. ಕೈಪಿಡಿ ಅನುಮತಿಸಿದ ಗಣಕವನ್ನು, ಅನುಮತಿಸಿದಷ್ಟೇ ಸಲ ಹಾಗೆ ಮಾಡಿ. ಉಳಿದರೆ ಎಂಇಎಲ್ ಪುಸ್ತಕ ತೆರೆಯಿರಿ. ಯಾವ ದೋಷ ಇಟ್ಟುಕೊಂಡು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಹಾರಬಹುದು ಎಂಬ ಪಟ್ಟಿ ಅದು. ಬಿ ವರ್ಗಕ್ಕೆ 3 ದಿನ, ಸಿಗೆ 10, ಡಿಗೆ 120. ಪಟ್ಟಿಯಲ್ಲಿ ಇಲ್ಲದ, ಹಾರಾಟಕ್ಕೆ ಬೇಕಾದ ಭಾಗ ಕೆಟ್ಟಿದ್ದರೆ ಹೊರಡುವಂತಿಲ್ಲ, ಚರ್ಚೆಯೂ ಇಲ್ಲ.

ಪ್ರಯಾಣಿಕರಿಗೆ: ದೋಷವಲ್ಲದವು

ಎ320ರ ನೆಲದಡಿಯಿಂದ ಯಾರೋ ಗರಗಸ ಎಳೆದಂತೆ, ನಾಯಿ ಬೊಗಳಿದಂತೆ ಬರುವ ಸದ್ದು ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ನಡುವೆ ಒತ್ತಡ ಹಂಚುವ ಯಂತ್ರದ್ದು. ಚಾಲನೆಯ ವೇಳೆ ತಂಪುಗಾಳಿ ನಿಲ್ಲುವುದು ಆ ಗಾಳಿ ಸ್ಟಾರ್ಟರಿಗೆ ಹೋಗುವುದರಿಂದ. ಮಂಗಳೂರಿನ ಮಳೆಗಾಲದಲ್ಲಿ ಮೇಲಿನ ಕಿಂಡಿಯಿಂದ ಇಳಿಯುವ ಬಿಳಿ ಹೊಗೆ ಬರೀ ತೇವ. ಅದಕ್ಕೆ ವಾಸನೆ ಇರುವುದಿಲ್ಲ. ವಾಸನೆ ಬಂದರೆ, ಅದರಲ್ಲೂ ತೊಳೆಯದ ಕಾಲುಚೀಲದಂಥ ವಾಸನೆ ಬಂದರೆ, ಸಿಬ್ಬಂದಿಗೆ ಹೇಳಿ: ಅದು ಆಯಿಲ್ ಇರಬಹುದು. ಹೊಸ ತಲೆಮಾರಿನ ಎಂಜಿನ್ನಿನ ವಿಮಾನಗಳು ಹೊತ್ತಿಕೊಳ್ಳುವ ಮುನ್ನ ಒಂದೆರಡು ನಿಮಿಷ ಸುಮ್ಮನೆ ತಿರುಗುತ್ತವೆ. ಆಗಷ್ಟೇ ನಿಂತ ಎಂಜಿನ್ನಿನಲ್ಲಿ ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗಾಗಿ ದಂಡ ಕೂದಲೆಳೆಯಷ್ಟು ಬಾಗಿರುತ್ತದೆ. ತಿರುಗಿಸಿ ಅದನ್ನು ನೇರ ಮಾಡಿಕೊಳ್ಳುತ್ತಾರೆ.

ನಿಲ್ಲಿಸುವ ಗೆರೆ, ಬರೆಯುವ ಸಾಲು

ಸ್ಟಾರ್ಟರಿಗೂ ಉಸಿರು ಬೇಕು. ಎ320ರಲ್ಲಿ ಪ್ರತಿ ಸುತ್ತಿಗೆ ಗರಿಷ್ಠ 2 ನಿಮಿಷ, ನಡುವೆ 20 ಸೆಕೆಂಡು ಬಿಡುವು, ನಾಲ್ಕು ಸೋತ ಸುತ್ತಿನ ಮೇಲೆ 15 ನಿಮಿಷ ತಣಿಯಲು ಬಿಡಬೇಕು. ನಾನಂತೂ ನಾಲ್ಕರವರೆಗೆ ಹೋಗುವುದಿಲ್ಲ. ಮೊದಲನೆಯದು ಲಕ್ಷಣ ತೋರಿಸುತ್ತದೆ; ಏನನ್ನಾದರೂ ಬದಲಿಸಿ ಮಾಡಿದ ಎರಡನೆಯದು ಕಾರಣ ತೋರಿಸುತ್ತದೆ; ಏನನ್ನೂ ಬದಲಿಸದೆ ಮೂರನೆಯದಕ್ಕೆ ಕೈ ಹಾಕುವುದು ಹರಕೆ ಹೊತ್ತ ಹಾಗೆ.

ಹೊತ್ತಿಕೊಂಡು ಹೋದರೂ ಲಾಗ್‌ಬುಕ್ಕಿನಲ್ಲಿ ಬರೆಯಿಸಿ. ‘ಎಂಜಿನ್ 1 ಚಾಲನೆಯಲ್ಲಿ ತೊಂದರೆ, ಎರಡನೇ ಪ್ರಯತ್ನ ಸರಿ’ ಎಂಬ ಸಾಲಿನಿಂದ ಮುಂದಿನ ನಿಲ್ದಾಣದವರಿಗೆ ಏನೂ ದಕ್ಕುವುದಿಲ್ಲ. ಆ ಮಳೆಯ ರಾತ್ರಿ ನಾನು ಬರೆಯಬೇಕಾಗಿದ್ದದ್ದು ಹೀಗೆ: ‘ಎಂಜಿನ್ 1, ಮೊದಲ ಪ್ರಯತ್ನ, ಇಗ್ನೈಟರ್ ಎ. ಒತ್ತಡ ಸರಿ, ಎನ್2 ಶೇಕಡಾ 22ರಲ್ಲಿ ಇಂಧನ ಹರಿವು ಇತ್ತು, ಇಜಿಟಿ ಏರಲಿಲ್ಲ, ಗಣಕ ಕಡಿಯಿತು. ಎರಡನೇ ಪ್ರಯತ್ನ, ಎ ಮತ್ತು ಬಿ, ಹೊತ್ತಿಕೊಂಡಿತು. ಇಗ್ನೈಟರ್ ಎ ಅನುಮಾನ.’